ಅಂಟಿಸಿಟ್ಟ ಎರಡು ಪುಟ

ರಟ್ಟಕ್ಕನ ಮುತ್ತಜ್ಜ ಕುದುರೆಗೆ ಜೀನು ಹೊಲಿಯುತ್ತಿದ್ದವನು. ಕುದುರೆಗಳು ಹೋಗಿ ಮೋಟಾರು ಬಂದಾಗ ತಲೆಮೇಲೆ ಕೈಹೊತ್ತು ಕೂರದೆ, ಅದೇ ದಬ್ಬಣದಲ್ಲಿ ಪುಸ್ತಕ ಹೊಲಿಯಲು ಕಲಿತ. ಅಜ್ಜ ಗಟ್ಟಿಗ. ನೆರೆ ನುಗ್ಗಿದ ವರ್ಷ ಕಚೇರಿಯ ನೆನೆದ ದಫ್ತರಗಳನ್ನೆಲ್ಲ ಹಾಳೆಹಾಳೆಯಾಗಿ ಹಗ್ಗಕ್ಕೆ ಹರವಿ ಒಣಗಿಸಿ, ಒಂದೂ ಹೆಚ್ಚುಕಡಿಮೆಯಾಗದಂತೆ ಮತ್ತೆ ಕಟ್ಟಿಕೊಟ್ಟ. ತಾಯಿಯಂತೂ ಇಬ್ಬರನ್ನೂ ಮೀರಿಸಿದವಳು. ಮೈದಾಹಿಟ್ಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ ಅವಳು ಕುದಿಸಿದ ಅಂಟನ್ನು ಹುಳ ಮೂಸಿಯೂ ನೋಡುತ್ತಿರಲಿಲ್ಲ. ಆ ಮನೆತನಕ್ಕೆ ಒಂದೇ ಕಟ್ಟಳೆ: ಪುಸ್ತಕ ಕೈಗೆ ಬಂದಾಗ ಹಾಳೆ ಎಣಿಸಬೇಕು, ಹಿಂದಿರುಗಿಸುವಾಗ ಪುಸ್ತಕದವರ ಎದುರಿಗೇ ಮತ್ತೊಮ್ಮೆ ಎಣಿಸಬೇಕು.

ಆ ಕಟ್ಟಳೆ ಮುರಿದವಳು ರಟ್ಟಕ್ಕ.

ಹೊಸ ದೇಶಕ್ಕೆ ಹೊರಡಲು ಮೂವರಿಗಷ್ಟೇ ಪರವಾನಗಿ ಸಿಕ್ಕಿತ್ತು. ಗಂಡ, ಐದು ವರ್ಷದ ಮಗಳ ಜೊತೆ ಅವಳು ಬಂದಳು. ತಾಯಿ ಹಿಂದೆ ಉಳಿದಳು. ಇಲ್ಲಿ ವಾಚನಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಸಿಕ್ಕಿತು, ಹೆಸರೂ ಅದರಿಂದಲೇ ಬಂತು.

ಮಗಳಿಗೆ ಅಲ್ಲಿನ ಒಂದು ಚಿತ್ರಪುಸ್ತಕದ ಹುಚ್ಚು ಹಿಡಿಯಿತು. ಒಂದು ಸಂಸಾರ ಗಂಟುಮೂಟೆ ಕಟ್ಟಿ, ಹಡಗು ಹತ್ತಿ ಬೇರೆ ದೇಶ ಸೇರುವ ಕಥೆ. ನಡುವೆ ಎರಡು ಪುಟಗಳ ತುಂಬ ಒಂದೇ ಚಿತ್ರ, ದಡದಲ್ಲಿ ಕೊಡೆ ಹಿಡಿದು ನಿಂತ ಅಜ್ಜಿ. ಅಲ್ಲಿಗೆ ಬಂದರೆ ಹುಡುಗಿ ಗೊಳೋ ಎನ್ನುತ್ತಿದ್ದಳು, "ನಮ್ಮಜ್ಜಿ ಎಲ್ಲಿ?" ಎಂದು. ಊಟ ನಿದ್ದೆ ಬಿಟ್ಟ ಮಗುವನ್ನು ನೋಡಿ ರಟ್ಟಕ್ಕನಿಗೆ ದಿಕ್ಕು ತೋಚಲಿಲ್ಲ. ಒಂದು ಮಧ್ಯಾಹ್ನ ಆ ಎರಡು ಪುಟಗಳಿಗೆ ತಾಯಿ ಕಲಿಸಿದ್ದ ಅಂಟು ಸವರಿ, ಭಾರ ಹೇರಿ ಮುಚ್ಚಿಬಿಟ್ಟಳು. ಎಣಿಕೆಗೆ ಈಗ ಹದಿನೈದೇ ಸಿಗುತ್ತಿದ್ದರೂ ಪುಸ್ತಕದ ಚೀಟಿಯಲ್ಲಿ 'ಹಾಳೆ ಹದಿನಾರು, ಸರಿಯಿದೆ' ಎಂದು ಬರೆದಳು. ಮಗಳಿಗೂ ಒಂದು ಸುಳ್ಳು ಹೇಳಿದಳು: "ಅಜ್ಜಿ ಮಲಗಿದ್ರು ಕಣೇ, ನಮ್ಮನ್ನ ಕಳಿಸೋಕೂ ಬರ್ಲಿಲ್ಲ."

ಅಳು ನಿಂತಿತು. ಅಜ್ಜಿಯ ಮೇಲಿನ ಅಕ್ಕರೆಯೂ ನಿಂತಿತು. ಫೋನು ಬಂದರೆ ಹುಡುಗಿ ಮುಖ ಊದಿಸಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. "ಆಟಕ್ಕೆ ಹೋಗಿದ್ದಾಳಮ್ಮ" ಎಂದು ರಟ್ಟಕ್ಕ ಆ ಕಡೆಗೂ ಒಂದು ಸುಳ್ಳು ದಾಟಿಸುತ್ತಿದ್ದಳು. ಎರಡು ವರ್ಷದೊಳಗೆ ಮುದುಕಿ ಕಣ್ಣುಮುಚ್ಚಿದಳು.

ಈಗ ಮಗಳು, ದೇಶಕ್ಕೆ ಹೊಸದಾಗಿ ಬಂದ ಮಕ್ಕಳಿಗೆ ಟೀಚರ್. ಮೊನ್ನೆ ಅದೇ ಪುಸ್ತಕ ಹಿಡಿದು ನೆಲಮಾಳಿಗೆಗೆ ಇಳಿದಳು. ಮುಚ್ಚಿಹೋದ ಚಿತ್ರದ ನೆನಪು ಅವಳಿಗಿರಲಿಲ್ಲ.

"ಅಮ್ಮ, ಈ ಕಥೇಲಿ ಮನೇಲಿ ನಾಲ್ಕು ಜನ, ಹಡಗಲ್ಲಿ ಮೂರೇ ಜನ. ಒಬ್ಬರನ್ನ ಸಮುದ್ರಕ್ಕೆ ಎಸೆದ್ರಾ ಮಿಸ್ ಅಂತ ಮಕ್ಕಳು ನನ್ನ ತಲೆ ತಿಂತಿದ್ದಾರೆ. ಹಾಳೆ ಬಿದ್ದೋಗಿರ್ಬೇಕು."

"ಬಿದ್ದಿಲ್ಲ."

"ಅದೂ ಸರಿ. ಚೀಟೀಲಿ ನಿನ್ನ ಕೈಬರಹ ಇದೆ. ಎಣಿಸದೆ ಕೊಡೋಳಲ್ಲ ನೀನು."

ಬೈದಿದ್ದರೆ ರಟ್ಟಕ್ಕ ತಡೆದುಕೊಳ್ಳುತ್ತಿದ್ದಳೇನೋ, ಈ ನಂಬಿಕೆಯನ್ನು ತಡೆಯಲಾಗಲಿಲ್ಲ. "ಆ ದಪ್ಪ ಹಾಳೇನ ದೀಪಕ್ಕೆ ಹಿಡಿ" ಎಂದಳು.

ಮಗಳು ಹಿಡಿದಳು. ಒಳಗೆ ಕೊಡೆಯ ನೆರಳು ಕಂಡಿತು.

"ನಾನೇ ಅಂಟಿಸಿದ್ದು. ನಿನ್ನ ಅಳು ನೋಡೋಕಾಗದೆ. ಅಜ್ಜಿ ಮಲಗಿರ್ಲಿಲ್ಲ ಕಣೇ. ಬಸ್ ನಿಲ್ದಾಣಕ್ಕೆ ಬಂದಿದ್ರು, ನಿದ್ದೆಗಣ್ಣಲ್ಲಿದ್ದ ನಿಂಗೆ ಕಾಲುಚೀಲ ತೊಡಿಸಿದ್ದೂ ಅವರೇ. ಬಸ್ಸು ಮರೆಯಾಗೋವರೆಗೂ ನಿಂತಿದ್ರು."

ಮಗಳು ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಕೇಳಿದಳು, "ನಾನು ಫೋನಿಗೆ ಬರ್ದೇ ಇದ್ದಾಗ ಏನಂತಿದ್ರು?"

"ಆಡ್ಕೊಳ್ಲಿ ಬಿಡು ಅಂತಿದ್ರು. ಪ್ರತಿ ಸಲವೂ."

ರಟ್ಟಕ್ಕ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ, ಪುಟಗಳ ಅಂಚಿಗೆ ಒತ್ತಿ ಹಿಡಿದಳು. ಆ ಅಂಟು ಪೇಟೆಯ ಅಂಟಿನಂತಲ್ಲ, ನೀರಿಗೆ ಸೋಲುತ್ತದೆ, ಆದರೆ ತಾಳ್ಮೆ ಕೇಳುತ್ತದೆ. ಮೊಂಡು ಚಾಕುವನ್ನು ಎಳೆಎಳೆಯಷ್ಟೇ ಒಳಗೆ ತೂರಿಸಿದಳು. ಎರಡು ಬೆರಳಗಲ ಬಿಟ್ಟುಕೊಂಡಿತು. ಕೊಡೆಯ ತುದಿಯ ಬಣ್ಣ ಕಿತ್ತು ಎದುರಿನ ಪುಟಕ್ಕೆ ಹತ್ತಿಕೊಂಡಿತು. ಮುಂದಿನದು ಮುಖ. ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

ಮಗಳು ಕೈ ಚಾಚಿದಳು. "ಕೊಡಮ್ಮ ಇಲ್ಲಿ, ನಾನು ಬಿಡಿಸ್ತೀನಿ. ಮುಖ ಹರಿದೀತು."

"ಬೇಡ. ಅಂಟಿಸುವಾಗ ಯಾರನ್ನೂ ಕೇಳಿರ್ಲಿಲ್ಲ, ಈಗ ಯಾವ ಬಾಯಲ್ಲಿ ನಿನ್ನ ನೆರವು ಕೇಳ್ಲಿ? ಕೈ ತೆಗಿ. ಆ ಕಡೆ ಹೋಗಿ ಕೂತ್ಕೋ."