ಹುಳದ ಮನೆಯ ಮೆಲುದನಿ

ಹೋದ ತಿಂಗಳು ಮೊಮ್ಮಗಳಿಗೆ ನನ್ನ ಹುಟ್ಟೂರು ತೋರಿಸೋಣವೆಂದು ಹಲಗೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಒದ್ದೆ ಗೋಣಿಚೀಲವೊಂದನ್ನು ನನ್ನ ಕಾಲ ಬುಡಕ್ಕೇ ತುರುಕಿದಳು. ಬೈಯೋಣವೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಚೀಲದೊಳಗಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ನಮ್ಮ ಎದುರು ಮನೆಯ ದೊಡ್ಡವ್ವ ನೆನಪಿಗೆ ಬಂದಳು...

ದೊಡ್ಡವ್ವ ನಮಗೇನೂ ನೆಂಟಳಲ್ಲ. ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಎರಡನೇ ಮಹಾಯುದ್ಧದ ಕಾಲ ಅದು, ಪ್ಯಾರಾಶೂಟಿಗೆಂದು ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ನಮ್ಮೂರಲ್ಲಿ ಹುಳ ಸಾಕದ ಮನೆಯೇ ಕಮ್ಮಿ. ದೊಡ್ಡವ್ವನ ಗಂಡ ತೀರಿಕೊಂಡಿದ್ದ. ಅವಳ ಹುಳದ ಬೆಳೆಯಲ್ಲಿ ಅರ್ಧ ಪಾಲು ಗಂಡನ ಅಣ್ಣನದು. ಅವಳಿಗೆಂದು ಇದ್ದದ್ದು ಒಬ್ಬಳೇ ಮಗಳು. ಆ ಮಗುವಿಗೆ ಹೆಸರಿತ್ತು, ಆದರೆ ತಾಯಿಯ ಬಾಯಲ್ಲಿ ಯಾವಾಗಲೂ ‘ಕೂಸು’.

ಕೂಸಿಗೆ ನನ್ನಷ್ಟೇ ವಯಸ್ಸು. ಮಾತಿರಲಿಲ್ಲ. ಖುಷಿಯಾದರೆ ಎರಡೂ ಕೈ ಪಟಪಟ ಒದರುತ್ತಿದ್ದಳು. ಯಾರಾದರೂ ಗಟ್ಟಿಯಾಗಿ ಕೂಗಿದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಿಂದಿನಿಂದ ಮುಟ್ಟಿದರೆ ಕಚ್ಚುತ್ತಿದ್ದಳು. ನನ್ನ ಮೊಣಕೈ ಮೇಲೆ ಅವಳ ಹಲ್ಲಿನ ಗುರುತು ಈಗಲೂ ಇದೆ, ಕೇಳಿದವರಿಗೆಲ್ಲ ಜಂಬದಿಂದ ತೋರಿಸುತ್ತೇನೆ. ಇವತ್ತು ಇದಕ್ಕೆ ಆಟಿಸಂ ಅನ್ನುತ್ತಾರೆ. ನನ್ನ ಮೊಮ್ಮಗಳು ಮಂಡ್ಯದಲ್ಲಿ ಅಂಥ ಮಕ್ಕಳಿಗೇ ಪಾಠ ಹೇಳುತ್ತಾಳೆ. ಆಗ ನಮ್ಮೂರಿಗೆ ಗೊತ್ತಿದ್ದದ್ದು ಗಾಳಿ ಸೋಕುವುದು ಒಂದೇ. ಬೇವಿನ ಸೊಪ್ಪಿನಲ್ಲಿ ಹೊಡೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಒಂದು ದಿನ ದೊಡ್ಡವ್ವ ಆ ತಾಯಿತವನ್ನು ಕಿತ್ತು ಒಲೆಗೆ ಹಾಕಿದಳು.

ಹುಳದ ಮನೆಗೆ ಅದರದೇ ಕಟ್ಟಳೆ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಜೋರು ಮಾತಿಲ್ಲ, ಬಾಗಿಲ ಹತ್ತಿರ ಒಗ್ಗರಣೆಯ ಘಾಟು ಕೂಡ ಬರಬಾರದು. ಹುಳ ಪೊರೆ ಬಿಡುವಾಗ ಮೇಯುವುದನ್ನು ನಿಲ್ಲಿಸಿ ಅಲುಗದೆ ಕೂರುತ್ತದೆ. ‘ಜ್ವರಕ್ಕೆ ಕೂತಿವೆ’ ಅನ್ನುತ್ತಿದ್ದರು. ಆಗಂತೂ ಮನೆಯವರೆಲ್ಲ ಪಿಸುಮಾತಿಗೆ ಇಳಿದುಬಿಡುತ್ತಿದ್ದರು. ಕೂಸು ನೆಮ್ಮದಿಯಾಗಿ ಇರುತ್ತಿದ್ದದ್ದು ಅಲ್ಲೊಂದೇ ಕಡೆ. ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತಾ ಗಂಟೆಗಟ್ಟಲೆ ಕೂರುತ್ತಿದ್ದಳು. ಗಾಳಿ ಸೋಕಿದ ಮಗುವನ್ನು ಹುಳದ ಮನೆಗೆ ಬಿಟ್ಟಿದ್ದಾಳೆ, ಬೆಳೆ ಕೆಟ್ಟಿತು ಅಂತಲೇ ತಿಳಿಯಿರಿ, ಎಂದು ಊರು ಆಡಿಕೊಂಡಿತು.

ಆ ಮಾತು ದೊಡ್ಡವ್ವನ ಬಾವ, ಆ ಅರ್ಧ ಪಾಲಿನವನ ಕಿವಿಗೂ ಬಿತ್ತು. ಬಾವನ ದನಿಯೆಂದರೆ ಎರಡು ಗದ್ದೆಯಾಚೆಗೂ ಕೇಳುವಂಥದು. ಅದು ಕಿವಿಗೆ ಬಿದ್ದರೆ ಸಾಕು, ಕೂಸು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಹೊಳೆಯಾಚೆಯ ಒಂದು ಗುಡಿಯಲ್ಲಿ ಇಂಥವರನ್ನು ಕಂಬಕ್ಕೆ ಕಟ್ಟಿ ಬಿಟ್ಟುಬರುವ ರೂಢಿಯಿತ್ತು. ಹೋದವರು ವಾಪಸು ಬಂದದ್ದನ್ನು ನಾನಂತೂ ಕಾಣೆ. ಒಂದು ಬೆಳಗ್ಗೆ ಬಾವ ಗಾಡಿ ಕಟ್ಟಿಕೊಂಡು ಬಂದೇಬಿಟ್ಟ. ಕೂಸು ಹುಳದ ಮನೆಯೊಳಗಿದ್ದಳು. ದೊಡ್ಡವ್ವ ಹೊಸ್ತಿಲಿಗೆ ಅಡ್ಡ ನಿಂತಳು. ನಾನು ನಮ್ಮ ಜಗಲಿ ಇಳಿದು ಗಾಡಿಯ ಮರೆಗೆ ಬಂದು ನಿಂತೆ.

“ಎಲ್ಲಮ್ಮಿ ಮಗಾ? ಈಚ್ಗೆ ಕಳ್ಸು!” ಅಂತ ಬಾವ ಗುಡುಗಿದ.

ದೊಡ್ಡವ್ವ ತುಟಿಗೆ ಬೆರಳಿಟ್ಟಳು. “ಮೆತ್ಗೆ, ಬಾವ. ಉಳ ಜ್ವರಕ್ಕೆ ಕೂತವೆ.”

ಅಷ್ಟೇ, ಅವನ ದನಿ ಅಲ್ಲೇ ಅಡಗಿತು. ಅರ್ಧ ಪಾಲು ಅವನದೂ ತಾನೆ! ಒಳಗೆ ನುಗ್ಗುವ ಹಾಗಿಲ್ಲ, ಕೂಗುವ ಹಾಗೂ ಇಲ್ಲ. ಮೆಟ್ಟು ಬಿಟ್ಟು ಹತ್ತಿರ ಬಂದು, ಗುಟ್ಟು ಹೇಳುವವನ ಹಾಗೆ, “ಊರೋರು ಮಕುಕ್ಕೆ ಉಗೀತಾವ್ರೆ ಕಣಮ್ಮಿ” ಅಂದ. ಪಿಸುಮಾತಿನಲ್ಲಿ ಜಗಳವಾಡುವುದನ್ನು ನಾನು ನೋಡಿದ್ದು ಅದೊಂದೇ ಸಲ.

“ಉಳುಕ್ಕೆ ಎಷ್ಟು ಮರ್ವಾದೆ ಕೊಡ್ತೀರಿ, ಬಾವ. ಮೆಟ್ಟು ಬುಡ್ತೀರಿ, ದನಿ ತಗ್ಗುಸ್ತೀರಿ. ನನ್ ಕೂಸ್ಗೂ ಬೇಕಾಗಿರಾದು ಇಷ್ಟೇಯ. ಕೊಟ್ರೆ ನಿಮ್ ಗಂಟೇನ್ ಓಯ್ತದೆ?”

ಅಷ್ಟರಲ್ಲಿ ದೊಡ್ಡವ್ವನ ತೋಳಿನ ಕೆಳಗಿಂದ ಕೂಸು ಈಚೆಗೆ ಬಂದಳು. ಈ ಮೆಲ್ಲನೆಯ ದನಿಗೆ ಅವಳು ಹೆದರಿರಲಿಲ್ಲ. ಅವನ ಮುಖ ನೋಡಲಿಲ್ಲ. ಹೆಗಲ ಮೇಲಿಂದ ಇಳಿಬಿದ್ದಿದ್ದ ವಲ್ಲಿಯ ಅಂಚು ಹಿಡಿದು, ಬೆರಳುಗಳ ನಡುವೆ ಉಜ್ಜುತ್ತಾ ನಿಂತಳು. ಆ ದೊಡ್ಡ ಗಂಡಸು ಅಲುಗಲಿಲ್ಲ. ತಮ್ಮನ ಮಗಳು ಅವನ ಹತ್ತಿರ ಬಂದದ್ದು ಅದೇ ಮೊದಲು.

“ಇವತ್ತು ಬ್ಯಾಡ ಬುಡು,” ಅಂದ. ವಲ್ಲಿಯನ್ನು ಅವಳ ಕೈಯಲ್ಲೇ ಬಿಟ್ಟು, ಬರಿ ಗಾಡಿ ಹೊಡೆದುಕೊಂಡು ಹೋದ. ಮತ್ತೆ ಯಾವತ್ತೂ ಆ ಮಾತೆತ್ತಲಿಲ್ಲ.

ಆ ಸಲದ ಬೆಳೆ ಚೆನ್ನಾಗಿಯೇ ಬಂತು. ಆದರೆ ನನಗೆ ಹೆಮ್ಮೆ ಅದರದಲ್ಲ. ಬಾವನಿಗೆ ಹೇಳಿದ್ದನ್ನೇ ದೊಡ್ಡವ್ವ ಮನೆಮನೆಗೆ ಹೋಗಿ ಹೇಳಿದಳು. ನಕ್ಕವರಿಗೆ ಚೆನ್ನಾಗಿ ಉಗಿದಳು. “ಎದುರ್ಗೆ ಬಾ ಕಣವ್ವ, ಕೈ ತೋರ್ಸು, ಆಮೇಕೆ ಕಾಯಿ” ಅಂತ ನನಗೆ ಕಲಿಸಿದಳು. ನಾನು ಕಾಯುವುದನ್ನು ಕಲಿತೆ, ಕೂಸು ನನ್ನ ಜೊತೆ ಬಾವಿಗೆ ಬರುವುದನ್ನು ಕಲಿತಳು. ಹುಳದ ತಟ್ಟೆಗಳಿಗೆ ಸೊಪ್ಪು ಹಾಕುವ ಕೆಲಸ ಬರಬರುತ್ತಾ ಅವಳದೇ ಆಯಿತು.

ಸ್ವಾತಂತ್ರ್ಯ ಬಂದ ದಿನ ಊರಿನ ಹುಡುಗರು ಬಾವುಟ ಹಿಡಿದು, ತಮಟೆ ಬಡಿದುಕೊಂಡು ಬೀದಿ ಬೀದಿ ಸುತ್ತಿದರು. ನಮ್ಮ ಬೀದಿಯ ಮೂಲೆಗೆ ಬರುತ್ತಲೇ ತಮಟೆ ನಿಂತಿತು. ಹುಳ ಜ್ವರಕ್ಕೆ ಕೂತ ದಿನವೇನೂ ಆಗಿರಲಿಲ್ಲ ಅದು. ಮುಂದೆ ಬಾವ, ತುಟಿಯ ಮೇಲೆ ಬೆರಳು. ಹಿಂದೆ ಅಷ್ಟೂ ಜನ, ಬರೀ ಕಾಲಿನ ಸದ್ದು. ಕೂಸು ಜಗಲಿಯ ಮೇಲೆ ನಿಂತು ಕೊನೆಯ ತನಕ ನೋಡಿದಳು, ಎರಡೂ ಕೈ ಪಟಪಟ ಒದರುತ್ತಾ. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮ್ಮಂಥ ಬೀದಿ ಇನ್ನೆಲ್ಲೂ ಇಲ್ಲ ಅನ್ನಿಸಿತು ನನಗೆ. ಈಗಲೂ ಹಾಗೇ ಅನ್ನಿಸುತ್ತದೆ.

ನನ್ನನ್ನು ಮದ್ದೂರಿಗೆ ಕೊಟ್ಟರು. ಕೂಸು ಮೊದಲು ತೀರಿಕೊಂಡಳಂತೆ, ವರ್ಷ ತುಂಬುವುದರೊಳಗೆ ದೊಡ್ಡವ್ವ... ನಾನು ಬಾಣಂತಿ, ಮುಖ ನೋಡಲೂ ಆಗಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ಬಸ್ಸಿಳಿದು ಮೊಮ್ಮಗಳನ್ನು ಆ ಬೀದಿಗೆ ಕರೆದುಕೊಂಡು ಹೋದೆ. ಹುಳದ ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಬಾಗಿಲಲ್ಲೇ ಸ್ಪೀಕರ್ ಅರಚುತ್ತಿತ್ತು. ಇಲ್ಲೇ ಇದ್ದದ್ದು ಅಂತ ಅವಳಿಗೆ ಹೇಳಿದೆ. ಕೇಳಿಸಲಿಲ್ಲ ಅಂದಳು. ಇನ್ನೊಮ್ಮೆ ಹೇಳಿದೆ.

“ಯಾಕಜ್ಜಿ ಪಿಸುಗುಡ್ತಿದ್ದೀಯ? ಇಲ್ಲಿ ಯಾರಿದಾರೆ?”

ಯಾರೂ ಇರಲಿಲ್ಲ. ಆದರೂ ನನಗೆ ದನಿ ಏರಿಸಲು ಆಗಲಿಲ್ಲ.