ಮಂಜಲ್ಲ, ಬಿಟ್ಟ ಸಾಲು

ನೀಲಗಿರಿಯಲ್ಲಿ ಯಾವ ಚಿತ್ರ ಕೆಟ್ಟರೂ ಮೊದಲ ಆಪಾದನೆ ಮಂಜಿನ ಮೇಲೆ. ಇಲ್ಲಿನ ನಮ್ಮ ಹಟ್ಟಿಗಳ, ಅಂದರೆ ಹಳ್ಳಿಗಳ, ಮದುವೆಗೆ ವಿಡಿಯೊ ತೆಗೆದೇ ಬದುಕಿದ ನನಗೆ ಈ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಕಳೆದ ವರ್ಷ ಊಟಿಯ ನನ್ನ ಸ್ಟುಡಿಯೋಗೆ ಬಂದ ಹೆಂಗಸೂ ಅದನ್ನೇ ಹೇಳಿದಳು.

ಅವಳ ಮದುವೆಗೆ ಕ್ಯಾಮೆರಾ ಹಿಡಿದವನು ನಾನೇ. ಅವಳ ತಾಯಿ ಈಚೆಗೆ ತೀರಿಕೊಂಡಿದ್ದರು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಜೀವ. ಮನೆಯಲ್ಲಿ ಒಂದು ನೆಟ್ಟಗಿನ ಫೋಟೊ ಇಲ್ಲ. ಮದುವೆಯ ವಿಡಿಯೊದಲ್ಲಿ ಮಾತ್ರ, ನಮ್ಮ ಪದ್ಧತಿಯಂತೆ ಮಗಳು ತಲೆಬಾಗಿ ನಿಂತಾಗ, ಹರಸಲು ಕೈ ಚಾಚಿದ್ದರು. ಆ ಕ್ಷಣದ್ದೊಂದು ಫೋಟೊ ಅವಳಿಗೆ ಬೇಕಿತ್ತು. ವಿಡಿಯೊ ಅಲ್ಲಿ ನಿಲ್ಲಿಸಿದರೆ ಮುಖ ಸ್ಪಷ್ಟ. ಕೈ ಮಾತ್ರ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗೆರೆ.

"ಕ್ಯಾಮೆರಾ ಒಳಗೆ ಮಂಜು ಹೋಗ್ಯದೆ, ಏನೂ ಮಾಡಕ್ಕಾಗಲ್ಲ ಅಂತ ಇನ್ನೊಂದು ಸ್ಟುಡಿಯೋದಲ್ಲಿ ಅಂದ್ರು ಅಣ್ಣಾ. ಎನ್ನ ಅವ್ವೆ ಕೈ ಹೋಗೇಬಿಟ್ಟಿತಾ?" ಅವಳ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ.

"ಮಂಜು ಎಲ್ಲಾದ್ರೂ ಇಷ್ಟು ನೇರ ಗೆರೆ ಎಳೀತದಾ ತಂಗೀ? ಕೂತ್ಕೋ" ಎಂದೆ.

ಟೀ ತೋಟದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಎಲೆ ಕಿತ್ತು, ಆಮೇಲೆ ಬಂದು ಬಿಟ್ಟ ಸಾಲು ಕೀಳುವುದುಂಟು. ನನ್ನ ಹಳೆಯ ಎಚ್‌ಡಿ ಕ್ಯಾಮೆರಾ ಅಂಥದ್ದು, ಇಂಟರ್‌ಲೇಸ್ಡ್. ಚಿತ್ರವನ್ನು ಅಡ್ಡ ಗೆರೆಗಳಾಗಿ ಹಿಡಿಯುತ್ತದೆ: ಮೊದಲು ಬೆಸ ಗೆರೆಗಳು, ಕ್ಷಣದ ಚೂರೊಂದು ಕಳೆದು ಸಮ ಗೆರೆಗಳು. ಹಳೆಯ ಟಿ.ವಿ. ಅವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಕಣ್ಣು ಹೊಂದಿಸಿಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ನಿಲ್ಲಿಸಿದರೆ ಎರಡೂ ಒಟ್ಟಿಗೇ ಬೀಳುತ್ತವೆ: ಅಲುಗದ ಮುಖ ಸರಿಯಾಗೇ ಇರುತ್ತದೆ, ಅಲುಗಿದ ಕೈ ಎರಡು ಕಡೆ ಹಂಚಿಹೋಗುತ್ತದೆ. ಈಗಿನ ಪ್ರೋಗ್ರೆಸಿವ್ ಕ್ಯಾಮೆರಾಗಳು ಎಲ್ಲ ಗೆರೆಯನ್ನೂ ಒಂದೇ ಸಲ ಹಿಡಿಯುವುದರಿಂದ ಈ ತಂಟೆಯಿಲ್ಲ.

"ಕೈ ಎಲ್ಲೂ ಹೋಗಿಲ್ಲ. ಎರಡು ಸಲ ಬಂದದೆ, ಅಷ್ಟೇ" ಎಂದೆ.

ಬೆಸ ಗೆರೆ ಒಂದು ಕಡೆ, ಸಮ ಗೆರೆ ಇನ್ನೊಂದು ಕಡೆ ಬಿಡಿಸಿದೆ. ನಡುವಿನ ಖಾಲಿ ಗೆರೆಗಳನ್ನು ಕಂಪ್ಯೂಟರ್ ತುಂಬಿತು. ತುಸು ಮೃದುವಾದರೂ ಎರಡು ಪೂರ್ತಿ ಚಿತ್ರ ಪರದೆಯ ಮೇಲೆ ನಿಂತವು. ಮೊದಲನೆಯದರಲ್ಲಿ ತಾಯಿಯ ಬೆರಳು ಮಗಳ ಕೂದಲಿಗಿಂತ ಚೂರು ಮೇಲಿತ್ತು. ಎರಡನೆಯದರಲ್ಲಿ ತಲೆ ಮುಟ್ಟಿತ್ತು.

"ಮುಟ್ಟಿದ್ದನ್ನೇ ಪ್ರಿಂಟ್ ಹಾಕ್ತೀನಿ" ಎಂದು, ಕೇಳುವುದೇನಿದೆ ಎಂಬಂತೆ ಮೌಸ್ ಒತ್ತಲು ಹೋದೆ.

ಅವಳು ನನ್ನ ಕೈ ತಡೆದು, ಮೊದಲನೆಯ ಚಿತ್ರದತ್ತ ಬೆರಳು ತೋರಿಸಿದಳು.

"ಬೇಡ ಅಣ್ಣಾ. ಮುಟ್ಟಿದ ಮೇಲೆ ಅವ್ವೆ ಕೈ ತೆಗೆದುಬಿಡ್ತಾಳೆ. ಇದರಲ್ಲಿ ಇನ್ನೂ ಬರ್ತಾ ಇದೆ."