ಕೊಚ್ಚಿಗೆ ಹೋಗುವ ಅಗ್ಗದ ದಾರಿ

ಮೊನ್ನೆ ಶಾಲೆಯಲ್ಲಿ, ಶಬರಿಮಲೆಗೆ ಹೋಗಿ ಬಂದ ನಮ್ಮ ಗಣಿತದ ಮಾಸ್ತರರು ಬಾಳೆಕಾಯಿ ಚಿಪ್ಸಿನ ಪೊಟ್ಟಣ ಒಡೆದು ಎಲ್ಲರ ಮುಂದೆ ಹಿಡಿದರು. ಕೊಬ್ಬರಿ ಎಣ್ಣೆಯಲ್ಲಿ ಕರಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ಸಿಟ್ಟು ಬಂತು. ಚಿಪ್ಸ್ ಕೊಟ್ಟವರ ಮೇಲೆ ಸಿಟ್ಟಾಗುವ ಹೆಂಗಸು ಎಂಥವಳು ಎಂದು ನಿಮಗನ್ನಿಸಬಹುದು. ಸಿಟ್ಟು ಮಾಸ್ತರರ ಮೇಲಲ್ಲ, ನಮ್ಮ ಮನೆಯವರ ಮೇಲೆ. ಅದೂ ಇವತ್ತಿನದಲ್ಲ, ಕೆಲವು ವರ್ಷ ಹಳೆಯದು. ಆರಿಹೋಗಿದೆ ಅಂದುಕೊಂಡಿದ್ದೆ. ಎಣ್ಣೆಯ ವಾಸನೆ ಬಡಿದದ್ದೇ ಮತ್ತೆ ಕಾಯತೊಡಗಿತು.

ನಮ್ಮ ಮನೆಯವರದು ಮುಧೋಳದಲ್ಲಿ ಸಿಮೆಂಟಿನ ಅಂಗಡಿ. ಆಣೆಕಟ್ಟಿನ ನೀರು ಏರಿ ಬೀಳಗಿ ಕಡೆಯ ಊರುಗಳು ಎದ್ದು ಬಂದು ಹೊಸ ಮನೆ ಕಟ್ಟಿಕೊಳ್ಳುತ್ತಿದ್ದ ವರ್ಷಗಳಲ್ಲಿ ಅದು ಬೆಳೆಯಿತು. ಬೆಳೆದ ಅಂಗಡಿ ಇವರನ್ನು ನುಂಗಿಬಿಟ್ಟಿತು. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಇಳಿಸುವವರೆಗೆ ಅಲ್ಲೇ. ನಮ್ಮ ಮದುವೆಯಾದ ಮೇಲೆ ನಾವಿಬ್ಬರೇ ಹೋದ ದೊಡ್ಡ ಪ್ರವಾಸವೆಂದರೆ ನನ್ನ ತವರು ಜಮಖಂಡಿ. ಅಲ್ಲಿಯೂ ಇವರು ಊಟ ಮುಗಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಲೋಡ್ ಬರೂದೈತಿ" ಎಂದು ಎದ್ದುಬಿಡುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಸಿಮೆಂಟ್ ಕಂಪನಿಯ ಮನುಷ್ಯ ಫೋನು ಮಾಡಿದ. ಮಾರಾಟದ ಗುರಿ ದಾಟಿದ್ದಕ್ಕೆ ಇವರಿಗೆ ಬಹುಮಾನವಂತೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ನಾಲ್ಕು ದಿನ, ಗಂಡ ಹೆಂಡತಿ ಇಬ್ಬರಿಗೂ. ಊಟ, ವಸತಿ ಎಲ್ಲ ಕಂಪನಿಯದೇ. ಇವರು ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಹಡಗಿನ್ಯಾಗ ಹೋಗೂಣೇನು? ಪುಕಟ ಐತಿ."

ನಾನು ಕೈಯಲ್ಲಿದ್ದ ಹಿಟ್ಟಿನ ಪರಾತವನ್ನು ಹಾಗೇ ಹಿಡಿದು ನಿಂತೆ. ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭಾರತದ ಬಂದರುಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಕರಿಹಲಗೆಯ ಮೇಲೆ ಪಶ್ಚಿಮ ಕರಾವಳಿಯ ಗೆರೆಯನ್ನು ಕಣ್ಣು ಮುಚ್ಚಿ ಎಳೆಯಬಲ್ಲೆ. ಮುಂಬಯಿ, ಮಂಗಳೂರು, ಕೊಚ್ಚಿ ಎಂದು ಚುಕ್ಕೆ ಇಡುತ್ತಾ, "ಕೊಚ್ಚಿ ಸ್ವಾಭಾವಿಕ ಬಂದರು, ಬರ್ಕೋರಿ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಸ್ವಾಭಾವಿಕ ಬಂದರು ಕಣ್ಣಿಗೆ ಹೇಗೆ ಕಾಣುತ್ತದೆಂದು ಯಾವನಾದರೂ ಹುಡುಗ ಎದ್ದು ಕೇಳಿದ್ದರೆ ನಾನು ಕೆಟ್ಟೆ. ನಾನು ಕಂಡ ದೊಡ್ಡ ನೀರೆಂದರೆ ಹಿಪ್ಪರಗಿ ಬ್ಯಾರೇಜಿನದು.

ಆದ್ದರಿಂದ "ಹೋಗೂಣ್ರಿ" ಅಂದೆ. ಹಾಗೆಂದಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಆದರೆ ಬಹುಮಾನದಲ್ಲೊಂದು ಕೊಕ್ಕೆಯಿತ್ತು. ಹಡಗಿನ ಖರ್ಚು ಕಂಪನಿಯದು, ಹಡಗಿನವರೆಗೆ ಬಂದು ಮುಟ್ಟುವ ಖರ್ಚು, ಅಲ್ಲಿಂದ ಮನೆಗೆ ಮರಳುವ ಖರ್ಚು ನಮ್ಮದು. ರೈಲಿನಲ್ಲಿ ಹೋಗೋಣವೆಂದರೆ ಅದು ಡಿಸೆಂಬರ್. ಮಾಲೆ ಹಾಕಿದ ಸ್ವಾಮಿಗಳಿಂದ ಕೇರಳದ ಗಾಡಿಗಳೆಲ್ಲ ತುಂಬಿದ್ದವು. ಉಳಿದದ್ದು ವಿಮಾನ.

ಮುಧೋಳದಿಂದ ಎಲ್ಲ ವಿಮಾನ ನಿಲ್ದಾಣಗಳೂ ದೂರವೇ. ಬೆಳಗಾವಿಯಿಂದ ವಿಮಾನ ಹಾರುತ್ತದೆ ಎನ್ನುವವರೂ ಇದ್ದರು, ನಿಂತುಹೋಗಿದೆ ಎನ್ನುವವರೂ ಇದ್ದರು. ಹುಬ್ಬಳ್ಳಿಯದೂ ಅದೇ ಕತೆ. ಗೋವಾ, ಪುಣೆ, ಹೈದರಾಬಾದು, ಬೆಂಗಳೂರು ಎಂದು ನಾನು ಕಾಗದದ ಮೇಲೆ ನಕ್ಷೆ ಬರೆದು, ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ಕೊಚ್ಚಿಗೆ ವಿಮಾನ, ಅದೂ ಒಂದು ದಿನ ಮೊದಲೇ ಎಂದು ಗೆರೆ ಎಳೆದು ತೋರಿಸಿದೆ. ಇವರು ನಕ್ಷೆಯನ್ನು ನೋಡಲೇ ಇಲ್ಲ.

"ದಾರಿ ನೀ ನೋಡು, ರೇಟ್ ನನಗ ಬಿಡು" ಅಂದರು.

ಅಲ್ಲಿಂದ ನನ್ನ ಗೋಳು ಶುರುವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಶೋಭಾ ಎಂಬ ಹೆಣ್ಣುಮಗಳು ಝೆರಾಕ್ಸ್ ಮತ್ತು ಇಂಟರ್ನೆಟ್ ಅಂಗಡಿ ಇಟ್ಟಿದ್ದಳು. ದಿನಾ ಸಂಜೆ ಇವರು ಅಲ್ಲಿ ಹೋಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಾನು ಪಕ್ಕದಲ್ಲಿ. ಮೊದಲ ದಿನ ಬೆಂಗಳೂರಿನಿಂದ ಕೊಚ್ಚಿಗೆ ಒಂದು ಟಿಕೇಟು ಒಳ್ಳೆಯ ದರದಲ್ಲಿ ಕಂಡಿತು. ತಗೊಂಡುಬಿಡೋಣ ಅಂದೆ.

"ಇವತ್ತ ತಗೊಂಡ್ರ ಲುಕ್ಸಾನ. ನಾಕ ದಿನಾ ತಡಿ, ಇಳೀತೈತಿ."

"ಸಿಮೆಂಟ್ ಚೀಲ ಅಲ್ರಿ ಅದು, ವಿಮಾನ."

"ಯಾವುದಾದ್ರೇನು? ಮಾಲು ಉಳಿಯೂದೈತಿ ಅಂತ ಗೊತ್ತಾದ್ರ ಮಾರಾವ ಇಳೀತಾನ. ಖಾಲಿ ಕುರ್ಚಿ ತಗೊಂಡು ಹಾರಾಡಿ ಅವ ಏನ್ ಮಾಡ್ತಾನ?"

ಮಾತು ಸರಿಯೆನಿಸುತ್ತಿತ್ತು, ಅದೇ ತೊಂದರೆ. ನಾಲ್ಕು ದಿನದ ಮೇಲೆ ಹೋದಾಗ ಶೋಭಾ ಪರದೆ ನೋಡಿ ತಲೆ ಅಲ್ಲಾಡಿಸಿದಳು. "ಅಣ್ಣಾರ, ಅವತ್ತಿನಕಿಂತ ಜಾಸ್ತಿ ಆಗೇತ್ರಿ."

ಇವರು ಬೇಸರ ಮಾಡಿಕೊಳ್ಳಲಿಲ್ಲ. ದನಿ ತಗ್ಗಿಸಿ, ಯಾರೋ ಕೇಳಿಸಿಕೊಂಡಾರೆಂಬಂತೆ, "ನಾವು ನೋಡಾಕತ್ತೇವಂತ ಅವರಿಗೆ ಗೊತ್ತಾಗೇತಿ. ಇನ್ನ ಎರಡ ದಿನಾ ಈ ಕಡೆ ಹಾಯೂದಽ ಬ್ಯಾಡ" ಅಂದರು. ಸಂತೆಯಲ್ಲಿ ದರ ಕೇಳಿ, ಬೇಡವೆಂದು ನಾಲ್ಕು ಹೆಜ್ಜೆ ನಡೆದು, ವ್ಯಾಪಾರಿ ಹಿಂದಿನಿಂದ ಕರೆಯಲೆಂದು ಕಾಯುತ್ತೇವಲ್ಲ, ಹಾಗೆ. ವಿಮಾನದವರು ಕರೆಯಲಿಲ್ಲ. ಆಮೇಲೊಂದು ದಿನ ಶೋಭಾಳಿಂದ ದಿಲ್ಲಿಯ ಟಿಕೇಟು ಹುಡುಕಿಸಿದರು. ದಿಲ್ಲಿಗೆ ಯಾಕೆಂದು ಕೇಳಿದೆ. "ಕೊಚ್ಚಿ ಮ್ಯಾಗಿನ ಮನಸು ತಗದೀವಂತ ತಿಳೀಲಿ" ಎಂದರು. ಶೋಭಾ ಝೆರಾಕ್ಸ್ ಯಂತ್ರದ ಹಿಂದೆ ಹೋಗಿ ನಕ್ಕಳು. ನನಗೆ ನಗು ಬರಲಿಲ್ಲ. ಕರಾವಳಿಯ ಗೆರೆ ದಿನದಿನಕ್ಕೆ ನನ್ನಿಂದ ದೂರ ಸರಿಯುತ್ತಿತ್ತು.

ಕೊನೆಗೆ ಒಂದು ಸಂಜೆ ಇವರು ಗೆದ್ದವರ ಹಾಗೆ ಮನೆಗೆ ಬಂದರು. ಹೋಗುವುದು ಪುಣೆಯಿಂದ. ಬೆಳಿಗ್ಗೆ ಪುಣೆಯಲ್ಲಿ ಹತ್ತಿ, ಬೆಂಗಳೂರಿನಲ್ಲಿ ಇಳಿದು, ಇನ್ನೊಂದು ವಿಮಾನ ಹಿಡಿದು ಕೊಚ್ಚಿ.

ನಾನು ಅವರನ್ನೇ ನೋಡಿದೆ. "ಅಲ್ರಿ, ತೆಂಕಣಕ್ಕ ಹೋಗೂ ಮಂದಿ ಬಡಗಣಕ್ಕ ಪುಣೆಕ್ಕ ಹೋಗಿ, ಅಲ್ಲಿಂದ ಬೆಂಗಳೂರಿಗೆ ಬರೂದೇನು? ಬೆಂಗಳೂರಿಗೆ ಇಲ್ಲೇ ಬಸ್ ಐತೆಲ್ಲ?"

"ಬೆಂಗಳೂರಾಗ ಹತ್ತಿದ್ರ ತುಟ್ಟಿ. ಪುಣೆದಾಗ ಹತ್ತಿ ಬೆಂಗಳೂರಿನ ಮ್ಯಾಲೆ ಹಾದು ಹೋದ್ರ ಸೋವಿ. ಎರಡರಾಗೂ ಅದಽ ವಿಮಾನ!"

ಖರೆ ಹೇಳುತ್ತೇನೆ, ಶೋಭಾಳನ್ನು ಕೇಳಿದೆ, ಅದು ಹಾಗೆಯೇ ಇತ್ತು. ಕಡಿಮೆ ದೂರ ಹೋದರೆ ಹೆಚ್ಚು, ಹೆಚ್ಚು ದೂರ ಹೋದರೆ ಕಡಿಮೆ. ಭೂಗೋಳ ಕಲಿಸುವವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಬರುವಾಗಿನದು ಕೊಚ್ಚಿಯಿಂದ ಹೈದರಾಬಾದಿಗೆ, ಅದು ಎಲ್ಲಕ್ಕಿಂತ ಸೋವಿಯಂತೆ. ತೆಗೆದುಕೊಂಡ ಮೇಲೆ ದಿನ ಬದಲಿಸುವ ಹಾಗಿಲ್ಲ, ಹಣ ಮರಳುವ ಹಾಗೂ ಇಲ್ಲ.

ಊಟಕ್ಕೆ ಕೂತಾಗ, ರೊಟ್ಟಿ ಬಡಿಸುತ್ತಾ ಕೇಳಿದೆ. "ಪುಣೆತನಕ ಹೆಂಗ ಹೋಗೂದ್ರಿ?"

"ನಮ್ಮ ಕಾರಿನ್ಯಾಗ. ನಮ್ಮ ದೊಡ್ಡವ್ವನ ಮಗನ ಮನಿ ಮುಂದ ನಿಲ್ಲಿಸಿದ್ರಾತು."

"ಬರೂದು ಹೈದರಾಬಾದಿಗೆ?"

"ಹೂಂ."

"ಕಾರು?"

ಇವರ ಕೈ ತಾಟಿನಲ್ಲೇ ನಿಂತಿತು. ಮತ್ತೊಂದು ತುತ್ತು ಮುರಿದು, "ಪಲ್ಯಾ ಛಲೋ ಆಗೇತಿ" ಅಂದರು. ಆ ಕಾರು ಮುಂದೆ ತಿಂಗಳುಗಟ್ಟಲೆ ಪುಣೆಯಲ್ಲೇ ಇದ್ದು, ಅಲ್ಲಿನ ಒಂದು ಮದುವೆಯ ಓಡಾಟವನ್ನೆಲ್ಲ ಮುಗಿಸಿಕೊಂಡು ಊರಿಗೆ ಬಂತೆಂಬುದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ.

ಹಡಗು ಹತ್ತುವವರು ಮಧ್ಯಾಹ್ನದೊಳಗೆ ಬಂದರಿನಲ್ಲಿ ಹಾಜರಿರಬೇಕಿತ್ತು, ಹಡಗು ಬಿಡುವುದು ಸಂಜೆ. ನಮ್ಮ ವಿಮಾನ ಅದೇ ದಿನದ ಬೆಳಿಗ್ಗೆಯದು. ಪುಣೆಯ ನಿಲ್ದಾಣದಲ್ಲಿ ನಾನು ಹೊಸ ಸೀರೆಯುಟ್ಟು ಕೂತಿದ್ದೆ, ಬನಹಟ್ಟಿಯದು, ಈ ಪ್ರವಾಸಕ್ಕೆಂದೇ ತಂದದ್ದು. ಬೆಂಗಳೂರಿನಲ್ಲಿ ಮಂಜು ಮುಸುಕಿದೆ, ವಿಮಾನ ತಡ ಎಂದು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೂ ತಡ ಎಂದರು. ಇವರು ಪ್ರತಿ ಸಲ ಎದ್ದುಹೋಗಿ ಕೌಂಟರಿನ ಹುಡುಗಿಗೆ ಏನೋ ಹೇಳಿ ಬಂದು ಕೂರುತ್ತಿದ್ದರು. ನಾವು ಬೆಂಗಳೂರಿಗೆ ಇಳಿಯುವ ಹೊತ್ತಿಗೆ ಕೊಚ್ಚಿಯ ವಿಮಾನ ಹೋಗಿತ್ತು. ಮುಂದಿನದರಲ್ಲಿ ಕೂರಿಸಿದರು. ಕೊಚ್ಚಿಯಲ್ಲಿ ಇಳಿದರೆ ವಿಮಾನ ನಿಲ್ದಾಣ ಒಂದು ಕಡೆ, ಬಂದರು ಇನ್ನೊಂದು ಕಡೆ, ನಡುವೆ ಊರಿನ ವಾಹನಗಳೆಲ್ಲ ದಾರಿಯ ಮೇಲೆ.

ಬಂದರಿನ ಗೇಟಿಗೆ ಮುಟ್ಟಿದಾಗ ಹಡಗು ಇನ್ನೂ ಅಲ್ಲೇ ಇತ್ತು. ಬಿಳಿಯ ಹಡಗು, ಮಜಲಿನ ಮೇಲೆ ಮಜಲು, ಕಿಟಕಿಗಳ ಸಾಲು. ಮಂದಿ ಮೇಲೆ ನಿಂತು ಕೈ ಬೀಸುತ್ತಿದ್ದರು. ಆದರೆ ಹತ್ತಿಸಿಕೊಳ್ಳುವುದು ಮುಗಿದಿತ್ತು. ಕಂಪನಿಯ ಮನುಷ್ಯನಿಗೆ ಫೋನು ಹಚ್ಚಿದರೆ, "ಸರ್, ನಾನೂ ಮೇಲೇ ಇದ್ದೇನೆ, ನೀವು ಕಾಣ್ತಾ ಇದ್ದೀರಿ, ನಾನೇನು ಮಾಡ್ಲಿ" ಎಂದ.

ಇವರು ಗೇಟಿನ ಅಧಿಕಾರಿಯ ಹತ್ತಿರ ಹೋದರು. ತಮ್ಮ ಒರಟು ಹಿಂದಿಯಲ್ಲಿ ಮೊದಲು ಬೇಡಿಕೊಂಡರು, ಆಮೇಲೆ ಚೌಕಾಸಿಗೆ ಇಳಿದರು. ಹಡಗು ಇಲ್ಲೇ ಇದೆಯಲ್ಲ, ಏಣಿ ಇಳಿಸಲು ಎಷ್ಟು ಹೊತ್ತು, ನಮ್ಮದು ಬರೀ ಎರಡು ಬ್ಯಾಗು ಎಂದರು. ಅಧಿಕಾರಿ ಸೌಜನ್ಯದಿಂದಲೇ ಇಲ್ಲವೆಂದು ತಲೆಯಾಡಿಸಿದರು. ಯಾವ ಸಂತೆಯಲ್ಲೂ ಸೋಲದ ಮನುಷ್ಯ ಎರಡೂ ಕೈ ಇಳಿಬಿಟ್ಟುಕೊಂಡು ನಿಂತರು. ದಾರಿಯುದ್ದಕ್ಕೂ ನಾನು ಬೈಗುಳ ಕೂಡಿಟ್ಟುಕೊಂಡು ಬಂದಿದ್ದೆ. ಒಂದೂ ಹೊರಡಲಿಲ್ಲ. ಹಡಗು ಕೂಗಿತು. ಎದೆಯೊಳಗೆ ನಡುಗುವಂಥ ಕೂಗು. ಮೆಲ್ಲಗೆ ದಂಡೆ ಬಿಟ್ಟು ಹೋಯಿತು.

ಮನೆಗೆ ಮರಳೋಣವೆಂದರೆ ಅದೂ ಆಗುವಂತಿರಲಿಲ್ಲ. ಸೋವಿಯ ಟಿಕೇಟು, ದಿನ ಬದಲಿಸುವಂತಿಲ್ಲ. ಬೇರೆ ಟಿಕೇಟಿನ ದರ ಕೇಳಿ ಇವರು ಮುಖ ತಿರುಗಿಸಿದರು. ಹಡಗು ಹೋಗಿ ಬರುವ ತನಕ ನಾವು ಕೊಚ್ಚಿಯಲ್ಲೇ ಸಿಕ್ಕಿಬಿದ್ದೆವು.

ಮೊದಲ ದಿನ ಇವರು ಲಾಡ್ಜಿನಲ್ಲಿ ಕೂತು ಅಂಗಡಿಗೆ ಫೋನು ಮಾಡುವುದರಲ್ಲೇ ಕಳೆದರು. ಅಂಗಡಿಯಲ್ಲಿ ಎಲ್ಲವೂ ಸರಿಯಾಗಿ ನಡೆದಿತ್ತು, ಅದು ಅವರಿಗೆ ಇನ್ನಷ್ಟು ಬೇಸರ ತಂದಿತು. ಎರಡನೆಯ ದಿನ ನಾನೇ ಎದ್ದು, "ನಾ ಹೊಂಟೆ, ನೀವು ಬರ್ತಿದ್ರ ಬರ್ರಿ" ಅಂದೆ. ಹತ್ತಿರದ ಎರ್ನಾಕುಲಂ ಜೆಟ್ಟಿಯಿಂದ ಆಚೆ ದಂಡೆಗೆ ಹೋಗುವ ಸರಕಾರಿ ದೋಣಿ ಇದೆಯೆಂದು ಲಾಡ್ಜಿನವರು ಹೇಳಿದ್ದರು. ನಮ್ಮ ಕಡೆ ಬಸ್ಸು ಇದ್ದ ಹಾಗೆ. ಕಚೇರಿಗೆ ಹೋಗುವವರು, ತರಕಾರಿ ಚೀಲದವರು, ಶಾಲೆಯ ಮಕ್ಕಳು ಎಲ್ಲ ಅದರಲ್ಲೇ. ಟಿಕೇಟಿಗೆ ಚಿಲ್ಲರೆ ಸಾಕು. ಇವರು ಟಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ನಾಳಿ ಎಷ್ಟಾಗತೈತಿ?"

"ಇಷ್ಟಽ ಇರತೈತ್ರಿ."

"ಛಲೋ ಮಂದಿ" ಎಂದರು.

ದೋಣಿ ನಡುನೀರಿನ ಒಂದು ದ್ವೀಪವನ್ನು ಸುತ್ತಿ ಬಂದರಿನ ಮುಂದೆ ಹಾದಾಗ ನಾನು ಎದ್ದು ನಿಂತೆ. ಆಕಾಶಕ್ಕೆ ಚಾಚಿದ ಕ್ರೇನುಗಳು, ಎಣ್ಣೆ ತುಂಬಿದ ಹಡಗುಗಳು, ಹೊರಗೆ ಸಮುದ್ರ ಮೊರೆಯುತ್ತಿದ್ದರೂ ಒಳಗೆ ತಟ್ಟೆಯ ಹಾಗೆ ಸುಮ್ಮನೆ ಮಲಗಿದ ನೀರು. ಇಷ್ಟು ವರ್ಷ ಸೀಮೆಸುಣ್ಣದಿಂದ ಇಟ್ಟ ಆ ಚುಕ್ಕೆಯೊಳಗೆ ನಾನು ನಿಂತಿದ್ದೆ. ಕಣ್ಣು ತುಂಬಿ ಬಂತು. ಇವರು ಗಾಬರಿಯಾದರು.

"ಹಡಗಿನ ಸಲುವಾಗಿ ಅಳಾಕತ್ತೀ ಏನು?"

"ಅಲ್ರಿ. ಇದನ್ನಽ ಕಲಸ್ತೀನಿ ನಾ, ಸಾಲ್ಯಾಗ."

"ನೀ ವಿಜ್ಞಾನ ಅಲ್ಲೇನು?"

"ಸಮಾಜ ವಿಜ್ಞಾನ್ರಿ!"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಹೆಂಡತಿ ಕಪ್ಪೆಯ ಚಿತ್ರ ಬರೆಸುತ್ತಾಳೆಂದು ತಿಳಿದುಕೊಂಡಿದ್ದ ಮನುಷ್ಯನಿಗೆ ಏನು ಹೇಳುವುದು? ಕೂಡಿಟ್ಟ ಬೈಗುಳವೆಲ್ಲ ಒಮ್ಮೆಲೇ ನೆನಪಾಯಿತು. ಆದರೆ ಇವರು ನನ್ನ ಕಡೆ ನೋಡುತ್ತಿರಲಿಲ್ಲ, ನೀರು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. "ಹಂಗಾರ ಹೇಳು. ಹೊರಗ ಅಷ್ಟ ತೆರಿ ಅದಾವು, ಇಲ್ಲಿ ಯಾಕ ನೀರು ಸುಮ್ಮನೈತಿ?"

ಹೇಳಿದೆ. ನೆಲ ಹೇಗೆ ತೋಳು ಚಾಚಿ ಸಮುದ್ರವನ್ನು ತಡೆದಿದೆ, ಹಡಗು ಒಳಗೆ ಬರಲು ಎಷ್ಟು ಆಳ ಬೇಕು, ಇಲ್ಲಿಂದ ಏನೇನು ಹೋಗುತ್ತದೆ, ಏನೇನು ಬರುತ್ತದೆ. ಇವರು ನಡುನಡುವೆ ಪ್ರಶ್ನೆ ಕೇಳಿದರು. ಒಳ್ಳೆಯ ಪ್ರಶ್ನೆಗಳು, ನನ್ನ ಹತ್ತನೆಯ ತರಗತಿಯವರು ಎಂದೂ ಕೇಳದಂಥವು. ಆ ದೋಣಿಯಲ್ಲಿ ಹೋದೆವು, ಅದರಲ್ಲೇ ಮರಳಿ ಬಂದೆವು. ಮರುದಿನವೂ ಹೋದೆವು, ಅದರ ಮರುದಿನವೂ. ಕೊನೆಯ ದಿನ ಇವರು ಪಕ್ಕದಲ್ಲಿ ಕೂತ ಯಾರೋ ಸೊಲ್ಲಾಪುರದ ಮನುಷ್ಯನಿಗೆ, ಕೈ ಬೀಸಿ ಬೀಸಿ, ಸ್ವಾಭಾವಿಕ ಬಂದರೆಂದರೆ ಏನೆಂದು ವಿವರಿಸುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಕ್ಕೆ.

ತಪ್ಪಾಯಿತು ಎಂದು ಇವರು ಯಾವತ್ತೂ ಹೇಳಲಿಲ್ಲ. ಹೈದರಾಬಾದಿನಿಂದ ಬಸ್ಸಿನಲ್ಲಿ ಮೈ ನುಗ್ಗುಮಾಡಿಕೊಂಡು ಬರುವಾಗ ಒಂದೇ ಸಲ, "ಒಂದ ದಿನಾ ಮೊದಲ ಬರಬೇಕಿತ್ತು" ಅಂದರು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ಈಗ ಅಂಗಡಿಯನ್ನು ಇವರ ತಮ್ಮನ ಮಗ ನೋಡಿಕೊಳ್ಳುತ್ತಾನೆ. ನಾನು ಈ ವರ್ಷ ನಿವೃತ್ತಳಾಗುತ್ತೇನೆ. ಮೊನ್ನೆ ಶಾಲೆಯಿಂದ ಮನೆಗೆ ಬಂದವಳೇ, ನಿವೃತ್ತಿಯ ಮೇಲೆ ಎಲ್ಲಿಗೂ ಬೇಡ, ಆ ಹಡಗಿಗೇ ಹೋಗೋಣ, ನಮ್ಮ ದುಡ್ಡಿನಲ್ಲಿ ಎಂದೆ. ಇವರು ಹೂಂ ಅಂದರು. ವಿಮಾನದ ಟಿಕೇಟು ನಾನೇ ತೆಗೆಯುತ್ತೇನೆ ಎಂದೆ. ಅದಕ್ಕೂ ಹೂಂ ಅಂದರು. ಹಡಗಿನ ದಿನ ಗೊತ್ತುಮಾಡಿಕೊಂಡು, ಫೋನಿನಲ್ಲಿ ಬೆಂಗಳೂರಿನಿಂದ ಕೊಚ್ಚಿಗೆ, ಕೊಚ್ಚಿಯಿಂದ ಬೆಂಗಳೂರಿಗೆ, ಒಂದೇ ದಾರಿಯಲ್ಲಿ ಹೋಗಿ ಬರುವ ಹಾಗೆ ತೆಗೆದೆ. ಇವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಹಡಗು ಶನಿವಾರ ಅಲ್ಲೇನು?"

"ಹೌದ್ರಿ."

"ಮತ್ತ ಇದು ನಾಕ ದಿನಾ ಮೊದಲ, ಮಂಗಳವಾರದ್ದು ತಗದೀ."

"ಹೌದ್ರಿ."

"ರೇಟ್ ಇಳದಿತ್ತೇನು?"

"ಇಲ್ರಿ. ಏರಿತ್ತು."

"ಆತು ಬಿಡು" ಎಂದು ಹಿತ್ತಿಲ ಕಡೆ ನಡೆದರು. ಎಷ್ಟು ಏರಿತ್ತು ಎಂದು ಕೇಳಲಿಲ್ಲ.